ಒಳಗೆ ಜಾಗ ಉಂಟು

ವಿಲ್ಮಾ ಪಾಯಸ್ ತಂದದ್ದು ಇಂಚಿನ ಲೆಕ್ಕ,
ಹೊಲಿಗೆಯ ಟೇಪಿನಲ್ಲಿ ಅಳೆದದ್ದು.
ಆಲ್ತಾರಿನ ಕೆಳಗಿನ ಹಲಗೆ:
ಉದ್ದ ಹದಿನಾಲ್ಕು, ಎತ್ತರ ಒಂಬತ್ತು, ಒಳಕ್ಕೆ ಆರು.
ಅಷ್ಟರಲ್ಲಿ ಕಂಪ್ಯೂಟರ್ ಕೂರಬೇಕು.

ಮದುವೆಯ ವೀಡಿಯೋ ಕತ್ತರಿಸಿ ಜೋಡಿಸುವವಳು.
ಫಳ್ನೀರಿನ ಒಂದೂವರೆ ಕೋಣೆ, ಮಂಚಕ್ಕೆ ತಾಗಿದ ಫ್ರಿಜ್ಜು,
ಎರಡು ಹಾರ್ಡ್‌ಡಿಸ್ಕಿನಲ್ಲಿ ನಲವತ್ತು ರೋಸ್.
ತೆಂಗಿನ ಹಾಲಲ್ಲಿ ಮಿಂದು ಕೂತ ನಲವತ್ತು ಮದುಮಗಳಂದಿರು,
ಒಬ್ಬಳೂ ಇನ್ನೂ ಇಗರ್ಜಿ ತಲುಪಿಲ್ಲ.
ಹಳೆಯ ಯಂತ್ರ ಅಷ್ಟು ನಿಧಾನ.

ಪೆಟ್ಟಿಗೆ ತೋರಿಸಿದೆ. ಹತ್ತು ಲೀಟರು.
"ಲೀಟರಾ? ಎಣ್ಣೆ ಡಬ್ಬವಾ ಮಾರಾಯ್ರೆ?"
ಹೌದು ಬಾಯಮ್ಮ, ಈ ಕಸುಬಿನಲ್ಲಿ
ಪೆಟ್ಟಿಗೆಗೆ ಎಣ್ಣೆಯ ಅಳತೆ, ಕಾರ್ಡಿಗೆ ಬಟ್ಟೆಯ ಅಳತೆ.

ಇದನ್ನು ಮಾಡಿದವನು ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರ್ ಜಾತಿ:
ಹಿಂದೆ ಹೋಗಿ, ಹಿಂದೆ ಹೋಗಿ, ಒಳಗೆ ಜಾಗ ಉಂಟು.
ಉಂಟು.
ದಪ್ಪ ಕಾರ್ಡು ಹತ್ತಿದರೆ ನಡುವಿನ ತಗಡು ಆಚೆ ಸರಿದು
ಕೂಲರಿನ ತಲೆ ಗೋಡೆಗೆ ಬಡಿಯುತ್ತದೆ.
ಕೂಲರ್ ನೆಟ್ಟಗೆ ನಿಂತರೆ ಕಾರ್ಡು ಸಪೂರ ಆಗಬೇಕು.
ಪವರ್ ಸಪ್ಲೈಯ ಕೇಬಲ್ಲುಗಳೋ, ಶಾಲೆ ಬಿಟ್ಟ ಹೊತ್ತಿನ ಬ್ಯಾಗುಗಳು,
ಎಲ್ಲಿ ತುರುಕಿದರೂ ಯಾರದೋ ಹೊಟ್ಟೆಗೆ.

ಅವಳು ಆರಿಸಿದ ಕಾರ್ಡು ಮುನ್ನೂರ ಇಪ್ಪತ್ತೈದು.
ಪೆಟ್ಟಿಗೆ ಒಪ್ಪುವುದು ಮುನ್ನೂರ ಇಪ್ಪತ್ತೆರಡು.
ಮೂರು ಮಿಲಿಮೀಟರು.
ನೀರುದೋಸೆಯನ್ನು ಮಡಿಸಿಟ್ಟರೆ ಅಷ್ಟು.

ದೊಡ್ಡದು ತಗೊಳ್ಳಿ ಎಂದೆ, ಎಲ್ಲವೂ ಹಿಡಿಸುತ್ತದೆ, ಬೆಲೆಯೂ ಅರ್ಧ.
"ಯೇಸುವನ್ನು ಫ್ರಿಜ್ಜಿನ ಮೇಲೆ ಇಡಲಾ?"
ಚಿಕ್ಕ ಕಾರ್ಡು? ಗಂಟೆಯ ಕೆಲಸಕ್ಕೆ ಇಪ್ಪತ್ತು ನಿಮಿಷ ಹೆಚ್ಚು.
ಅವಳು ಬೆರಳು ಮಡಚಿ ನಲವತ್ತರಿಂದ ಗುಣಿಸಿದಳು,
ತಲೆಯಾಡಿಸಿದಳು.

ಬಂದರಿನ ಮೊಯ್ದಿನಬ್ಬನಲ್ಲಿಗೆ ಒಯ್ದೆ, ತಗಡಿನ ಕೆಲಸದವ.
ಕಾಗದ ನೋಡಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಎಳೆದು ಹೇಳಿದ:
ಇದನ್ನು ಕೊಯ್ಯಬೇಡ,
ಕೊಯ್ದಲ್ಲಿಂದಲೇ ಉಪ್ಪುಗಾಳಿ ತಿನ್ನಲು ಸುರು ಮಾಡುತ್ತದೆ.
ಕಾರ್ಡಿನ ಮೂಗು ಪ್ಲಾಸ್ಟಿಕ್ಕು. ಅದನ್ನು ಉಜ್ಜು.

ಅರವತ್ತು ಸಾವಿರದ ಮೂಗು.
ನಾನು ಮುಟ್ಟುವುದಿಲ್ಲ ಬಾಯಮ್ಮ, ವಾರಂಟಿ ಹೋದರೆ ನನ್ನ ತಲೆಗೆ.
ಅವಳು ಕೈಚೀಲದಿಂದ ಉಗುರಿನ ಅರ ತೆಗೆದಳು,
ನನ್ನ ಸ್ಟೂಲಿನ ಮೇಲೆ ಕೂತು, ಕಾರ್ಡನ್ನು ಮಗುವಿನ ಹಾಗೆ ತೊಡೆಗಿಟ್ಟು
ಉಜ್ಜತೊಡಗಿದಳು. ಮಧ್ಯಾಹ್ನ ಮುಗಿಯಿತು.
ಕಪ್ಪು ಹುಡಿ ಸೀರೆಗೆ, ಕೌಂಟರಿಗೆ, ನನ್ನ ಚಹಾಕ್ಕೆ.
ಐದನೇ ಸಲ ಇಟ್ಟು ನೋಡಿದಾಗ
ಕಾರ್ಡು ಒಂದು ಸದ್ದು ಮಾಡಿ ಕೂತಿತು.

ಮುಚ್ಚಳಕ್ಕೆ ಮಾತ್ರ ಇಬ್ಬರೂ ಮೊಣಕಾಲು ಊರಬೇಕಾಯಿತು.

ತಿಂಗಳು ಬಿಟ್ಟು ಫೋನು.
ಹದಿನಾರು ಜೋಡಿ ಇಗರ್ಜಿ ಸೇರಿದರಂತೆ.
ಮೇ ತಿಂಗಳ ರಾತ್ರಿ ಎಂಬತ್ತಮೂರು ಡಿಗ್ರಿ,
ಫ್ಯಾನಿನ ಸದ್ದಿಗೆ ತೇರ್ಸ್ ಜೋರಾಗಿ ಹೇಳಬೇಕಂತೆ.
"ಮತ್ತೆ, ಬಿಸಿಗಾಳಿ ಮೇಲೆ ಬಂದು ಮೋಂಬತ್ತಿ ಬಾಗುತ್ತದೆ.
ನಾಲ್ಕು ಇಂಚು ಸರಿಸಿದೆ.
ಈಗ ಸಂತ ಅಂತೋನಿಗೆ ಜಾಗ ಸಾಲುವುದಿಲ್ಲ.
ನಿಮ್ಮಲ್ಲಿ ಎಂತಾದರೂ ಉಪಾಯ ಉಂಟಾ?"