ಕೋಂ

ಕೋರ್ಟಿನ ಬದಿಯ ಹೊಂಗೆಮರದಡಿ ಟೈಪ್ ಕುಟ್ಟುವ ರುದ್ರಮುನಿ
ಕನ್ನಡಕದ ಮೇಲಿಂದ ನೋಡಿ ಕೇಳಿದರು:
ಗುತ್ಯಮ್ಮ, ಸರಿ. ಕೋಂ?

ಯಾರ ಕೋಂ ಅಂತ ಹೇಳಲಿ.
ಅವರ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತ್ತು.
ಹಿಂದೆ ಕಾಯುತ್ತಿದ್ದವನು ಕೆಮ್ಮಿದ.
ಪ್ರತಿವಾದಿಗೆ ಅಂಥ ತೊಂದರೆಯಿಲ್ಲ:
ತೀರ್ಥೇಶ ಬಿನ್ ಕುಬೇರಪ್ಪ, ಗಾಡಿಕೊಪ್ಪ,
ಸಾಲು ತುಂಬಿತು, ಗಂಟೆ ಟಿಣ್ ಅಂತು.
ನನ್ನ ಹೆಸರಿನ ಮುಂದೆ ಒಂದು ಗೀಟು ಹೊಡೆದು
ಮುಂದಕ್ಕೆ ಹೋದರು.

ತಾಳಿ ಬೇಡ ಅಂದವಳು ನಾನೇ.
ನಮ್ಮವ್ವ ಕಟ್ಟಿಸಿಕೊಂಡಿದ್ದಳಲ್ಲ,
ಅದನ್ನು ಗಿರವಿಯಿಂದ ಬಿಡಿಸುವುದರಲ್ಲೇ ಆಯಸ್ಸು ಸವೆಸಿದಳು.
ನಮಗೆ ಯಾಕೆ ಅಂದೆ. ಅವನೂ ನಕ್ಕ.
ಬಸ್ ಡಿಪೋದಿಂದ ಬಂದವನ ಕೈಯಲ್ಲಿ ಗ್ರೀಸು,
ನನ್ನ ಬೆರಳಲ್ಲಿ ಮಷಿನ್ ಎಣ್ಣೆ,
ಎರಡೂ ಒಂದೇ ಸೋಪಿಗೆ ಹೋಗುತ್ತಿದ್ದವು.
ಹನ್ನೊಂದು ವರ್ಷ.

ಸೈಟು ಮೂವತ್ತು ನಲವತ್ತು.
ಸಾಲ ಕೊಡುವ ಬ್ಯಾಂಕಿಗೆ ಸಂಬಳದ ಚೀಟಿ ಬೇಕು,
ಬ್ಲೌಸ್ ಹೊಲಿಯುವವಳಿಗೆ ಎಲ್ಲಿಯ ಚೀಟಿ?
ಯಾರ ಹೆಸರಲ್ಲಿದ್ದರೇನು ಅಂದೆ ಆಗ.
ಈ ಮಾತು ಎಲ್ಲೂ ಆಡಬೇಡಿ ಅಂದಿದ್ದಾರೆ ವಕೀಲರು.

ಬೋರ್‌ವೆಲ್ಲು, ನಾನು ಕಟ್ಟಿದ ಚೀಟಿ ದುಡ್ಡು.
ಕಿಟಕಿಗಳೆಲ್ಲ ಒಂದು ಶಾಲೆಯ ಮುನ್ನೂರು ಯೂನಿಫಾರ್ಮು.
ಮೋಲ್ಡಿಂಗ್ ಹಾಕಿದ ದಿನ
ಕೆಲಸದವರಿಗೆ ಚಿತ್ರಾನ್ನ ಕಲಸಿದ ಕೈಯಲ್ಲೇ
ಮೇಸ್ತ್ರಿ ಗೌಸ್‌ಪೀರ್ ಸಾಬರಿಗೆ ಎಣಿಸಿ ಕೊಟ್ಟೆ.
ನೋಟಿಗೆ ಅರಿಶಿನ ಹತ್ತಿತು.
ರಸೀತಿ?
ಅದೇ, ಅರಿಶಿನ.

ಇಲ್ಲ, ಒಂದು ಪುಸ್ತಕವಿದೆ. ಅಳತೆ ಪುಸ್ತಕ.
ಮುಂದಿನಿಂದ ಗಿರಾಕಿಗಳು, ಹಿಂದಿನಿಂದ ಮನೆ,
ನಡುವೆ ಎಲ್ಲೋ ಎರಡೂ ಕಲೆತುಹೋಗಿವೆ.
ವಕೀಲರು ಬೆರಳಿಟ್ಟು ಓದಿದರು:
ಎದೆ ಮೂವತ್ತಾರು, ತೋಳು ಒಂಬತ್ತು,
ಸಿಮೆಂಟು ನಲವತ್ತು ಚೀಲ,
ನಾಗವೇಣಿ ಟೀಚರಿಗೆ ಹಿಂದೆ ಹುಕ್ಕು,
ಮರಳು ಎರಡು ಲೋಡು, ಬಾಕಿ.

ಜಡ್ಜರ ಮುಂದೆ ಅವನ ಕಡೆಯವರು ಆಡಿದ್ದು ಒಂದೇ ಪದ:
ಬಾಡಿಗೆದಾರಳು.
ತಿಂಗಳು ತಿಂಗಳು ಕೊಟ್ಟಿದ್ದೆಲ್ಲ ಬಾಡಿಗೆ ಸ್ವಾಮಿ,
ಬೇರೆ ಸಂಬಂಧ ನಮ್ಮ ಕಕ್ಷಿದಾರರಿಗೆ ತಿಳಿಯದು.
ನಾನು ತೀರ್ಥೇಶನನ್ನು ನೋಡಿದೆ.
ಅವನು ಫ್ಯಾನು ನೋಡುತ್ತಿದ್ದ.
ಆ ಅಂಗಿ ನಾನು ಹೊಲಿದದ್ದು. ಎಡಜೇಬಿನ ಮೂಲೆಗೆ
ಎರಡು ಸಲ ಹೊಲಿಗೆ ಹಾಕಿದ್ದೆ,
ಟೆಸ್ಟರ್ ಇಟ್ಟು ಇಟ್ಟು ಹರಿಯುತ್ತದೆಂದು.
ಹರಿದಿರಲಿಲ್ಲ.

ಕಮಿಷನರ್ ಬಂದರು, ಅವನು ಬದಲಿಸಿದ ಬೀಗ ತೆಗೆಸಿ
ಮನೆ ಅಳೆದರು. ಅಡುಗೆಮನೆಯಲ್ಲಿ
ಟೇಪು ಸೊಟ್ಟ ಹಿಡಿದಿದ್ದರು, ತಡೆಯಲಾಗಲಿಲ್ಲ,
ಹೋಗಿ ನೇರ ಮಾಡಿದೆ.
ಬಟ್ಟೆಯಾದರೆ ಹೊಲಿಗೆಯ ಒಳಗೆ
ಒಂದಿಂಚು ಬಿಟ್ಟಿರುತ್ತೇವೆ ಸಾರ್,
ನಾಳೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ.
ಇಲ್ಲಿ ಅಂಚಿಗೆ ಅಂಚು ಕೂಡಿಸಿಬಿಟ್ಟೆ,
ಏನೂ ಬಿಟ್ಟುಕೊಳ್ಳಲಿಲ್ಲ.
ಅವರು ಬರೆದುಕೊಂಡರು: ಒಂಬತ್ತು ಅಡಿ, ಹತ್ತು.

ಮುಂದಿನ ವಾಯಿದೆ ದಸರಾ ಕಳೆದು.
ಪುಸ್ತಕಕ್ಕೆ ಈಗ ನಿಶಾನೆ ಏಳು ಅಂತ ಹೆಸರು,
ಸೀಲು ಬಿದ್ದು ಕೋರ್ಟಿನ ಬೀರುವಿನಲ್ಲಿದೆ.
ಗೌರಿಹಬ್ಬ ಹತ್ತಿರ. ಗಾಂಧಿಬಜಾರಿನ ನನ್ನ ಅಂಗಡಿಗೆ
ಹೆಂಗಸರು ಬರುತ್ತಾರೆ, ಕಣ ಇಟ್ಟು,
ಹಳೇ ಅಳತೆ ಇದೆಯಲ್ಲ ಗುತ್ಯಮ್ಮ, ಎಂದು ಹೊರಡುತ್ತಾರೆ.
ನಿಲ್ಲಿ ಅನ್ನುತ್ತೇನೆ, ನಿಮ್ಮ ಅಳತೆ ಕೋರ್ಟಿನಲ್ಲಿದೆ.
ನಗುತ್ತಾರೆ. ಕೈ ಎತ್ತಿ ನಿಲ್ಲುತ್ತಾರೆ.
ನಾಗವೇಣಿ ಟೀಚರ್ ಎರಡಿಂಚು ಇಳಿದಿದ್ದಾರೆ,
ಯಾಕೆ ಅಂತ ಕೇಳಲಿಲ್ಲ.

ಹೊಸ ಪುಸ್ತಕ. ಹೆಸರು ಬರೆಯುತ್ತೇನೆ, ಬರೇ ಹೆಸರು,
ಪಕ್ಕದಲ್ಲಿ ಎದೆ, ಸೊಂಟ, ತೋಳು.
ಹಿಂದಿನ ಪುಟಗಳು ಖಾಲಿ ಇವೆ,
ಸದ್ಯಕ್ಕೆ.