ಹಾಜರಿ ಪುಸ್ತಕದೊಳಗಿಟ್ಟ ಕಾಗದ

ಐದನೇ ಇಯತ್ತೆಯ ಮಾಸ್ತರರೇ,
ರಜೆ ಮುಗಿದು ನಿಮ್ಮ ಕೋಣೆಗೆ ಬರುವ
ಮೂವತ್ತೊಂದು ಹೆಸರುಗಳಲ್ಲಿ
ಹದಿನೇಳನೆಯದು ರೋಹಿದಾಸ ತಾಂಡೇಲ.
ಅವನ ಹೆಸರನ್ನು ಎರಡು ಸಲ ಕರೆಯಿರಿ.
ಮೊದಲನೆಯದು ಅವನನ್ನು ಹುಡುಕಿಕೊಂಡು ಹೋಗುತ್ತದೆ,
ಎರಡನೆಯದು ಕರೆದು ತರುತ್ತದೆ.

ನಮ್ಮ ಕಿಟಕಿಗೆ ಬೈತಖೋಲದ ಬಂದರು ಕಾಣುತ್ತದೆ, ಗೊತ್ತಲ್ಲ.
ಸದ್ದು ಕೇಳಿಯೇ ಯಾರ ದೋಣಿಯ ಇಂಜಿನ್ನು ಎನ್ನುತ್ತಾನೆ.
ಏಳರ ಮಗ್ಗಿ ಮಾತ್ರ ಏಳು ನಾಲ್ಕಕ್ಕೆ ನಿಂತುಬಿಡುತ್ತದೆ.

ಜೂನಿನಲ್ಲಿ ಅದನ್ನು ಸೊಕ್ಕು ಎಂದುಕೊಂಡೆ.
ಜುಲೈಯಲ್ಲಿ, ತಾಯಿಯ ಮುದ್ದು.
ಆಗಸ್ಟಿನಲ್ಲಿ ಒಂದು ತಾಸು ಹೊರಗೆ ನಿಲ್ಲಿಸಿದೆ.
ಒಳಗೆ ಕರೆದಾಗ ಕೇಳಿದ:
"ಅಕ್ಕೋರೇ, ನಾನು ಏನು ಮಾಡಿದ್ದೆ?"
ತುಂಟತನವಲ್ಲ. ನಿಜಕ್ಕೂ ಮರೆತಿದ್ದ.
ಶಿಕ್ಷೆ ನೆನಪಿದ್ದದ್ದು ನನಗೊಬ್ಬಳಿಗೇ.

ತಾಯಿ ಸುಗಂಧಾ, ಮೀನು ಮಾರ್ಕೆಟ್ಟಿನವಳು,
ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಬಂದಳು,
ಬೈಸಿಕೊಳ್ಳಲೆಂದೇ ತಲೆ ತಗ್ಗಿಸಿ.
"ಹೊಡೆಯಿರಿ ಅಕ್ಕೋರೇ, ನನಗಂತೂ ಹೊಡೆದು ಸಾಕಾಗಿದೆ."
ಅಂದವಳ ಮಣಿಕಟ್ಟಿನಲ್ಲಿ
ಅವನು ಹೆಣೆದು ಕಟ್ಟಿದ ಬಲೆಯ ನೂಲು, ನೀಲಿ.

ದೊಡ್ಡಾಸ್ಪತ್ರೆಯ ಡಾಕ್ಟರು ನಾಲ್ಕು ಅಕ್ಷರ ಹೇಳಿದರು,
ಎಡಿಎಚ್‌ಡಿ.
ಕೊಂಕಣಿಯಲ್ಲಿ ಇದಕ್ಕೆ ಏನೆನ್ನುತ್ತಾರೆ, ಕೇಳಿದಳು.
ನಾನು ಕನ್ನಡದಲ್ಲೂ ಹುಡುಕಿದೆ.
ಸಿಕ್ಕಿದ್ದೆಲ್ಲ ಬೈಗುಳ.
ಅವನ ಅಜ್ಜಿ 'ವಾರೆಂ' ಅನ್ನುತ್ತಾಳಂತೆ. ಗಾಳಿ.
ಗಾಳಿ ಬಂದಾಗ ತೂರಿಕೋ ಅನ್ನುತ್ತೇವಲ್ಲ ನಾವು,
ಈ ಗಾಳಿ ಬರುವ ಹೊತ್ತು ಅವನಿಗೂ ಗೊತ್ತಿಲ್ಲ.
ಬೀಸಿ ಹೋದಮೇಲೆ ನೋಡುತ್ತಾನೆ, ನಮ್ಮ ಹಾಗೆಯೇ,
ಏನೇನು ಹಾರಿಹೋಯಿತು ಎಂದು.

ಆದ್ದರಿಂದ ಇಷ್ಟು:
'ಪುಸ್ತಕ ತೆಗೆದು ನಲವತ್ತನೇ ಪುಟದ ಮೂರನೇ ಲೆಕ್ಕ ಬಿಡಿಸು'
ಎನ್ನಬೇಡಿ.
ಪುಸ್ತಕ ಎನ್ನಿ. ಕಾಯಿರಿ.
ಪುಟ ಎನ್ನಿ. ಕಾಯಿರಿ.
ಪೋರ್ಷನ್ ಮುಗಿಯುವುದಿಲ್ಲ, ನನಗೂ ಮುಗಿಯಲಿಲ್ಲ.
ಹಾಜರಿ ಪುಸ್ತಕವನ್ನು ಹೆಡ್‌ಮಾಸ್ತರರಿಗೆ ಒಯ್ಯುವವ ಅವನೇ ಆಗಲಿ,
ಆ ಕಾಲುಗಳಿಗೆ ಅಷ್ಟು ದೂರ ಬೇಕು.
ಕಪಾಟಿನ ಎರಡನೇ ಅರೆಯಲ್ಲಿ ಪೆನ್ಸಿಲ್ಲಿನ ಡಬ್ಬಿ ಇಟ್ಟಿದ್ದೇನೆ.
ಕೇಳಿದಾಗ ಕೊಡಿ. ಲೆಕ್ಕ ಇಡಬೇಡಿ.

ಜನವರಿಯ ಒಂದು ಭಾನುವಾರ
ರಂಪಣಿ ಎಳೆಯುವಲ್ಲಿ ಅವನನ್ನು ಕಂಡೆ,
ದೊಡ್ಡವರ ನಡುವೆ ಹಗ್ಗಕ್ಕೆ ಜೋತು,
ಎರಡು ತಾಸು, ಆಚೀಚೆ ನೋಡದೆ.
ಅದನ್ನು ವರ ಗಿರ ಎಂದು ಅವನಿಗೆ ಹೇಳಬೇಡಿ.
ಸೋಮವಾರ ಒಂದೇ ಚಪ್ಪಲಿಯಲ್ಲಿ ಬಂದ.
ನಾನು ಕಂಡದ್ದು ಬೇರೆ:
ಆ ಹಗ್ಗದಲ್ಲಿ ಅವನ ಹಿಂದೆಯೂ ಕೈಗಳಿದ್ದವು, ಮುಂದೆಯೂ.
ನಡುವೆ ಅವನ ಕೈ ಜಾರಿತು.
ಯಾರೂ ತಿರುಗಿ ನೋಡಲಿಲ್ಲ,
ಬಲೆ ಬರುತ್ತಲೇ ಇತ್ತು,
ಅವನು ಮತ್ತೆ ಹಿಡಿದ.

ಇನ್ನೊಂದು, ಮರೆಯುತ್ತಿದ್ದೆ.
ಕಿಟಕಿಯಿಂದ ದೂರ ಕೂರಿಸಿ ನೋಡಿದ್ದೇನೆ, ಪ್ರಯೋಜನವಿಲ್ಲ.
ಗೋಡೆಯ ಸುಣ್ಣ ಕೆರೆದು ದೋಣಿ ಮಾಡಿದ್ದಾನೆ,
ಬಣ್ಣ ಬಳಿಯುವವರಿಗೆ ಅಷ್ಟು ಬಿಡಲು ಹೇಳಿದ್ದೇನೆ.
ನಿಮ್ಮಲ್ಲೂ ಒಂದು ಮೊಳ ಗೋಡೆ
ಅವನಿಗೆ ಕೊಟ್ಟುಬಿಡಿ.

ಇಂದುಮತಿ ನಾಯಕ,
ನಾಲ್ಕನೇ ಇಯತ್ತೆ