ತ್ರಾಸು

ಹಗ್ಗ ಮಾರ್ಕೆಟ್ಟಿನವು. ಫಕ್ಕೀರವ್ವ ತಂದದ್ದು,
ಅಪ್ಪನ ಹೆಗಲಿಂದ ಇಳಿಸಿಕೊಂಡು,
ಒಂದು ತಾಸಿನ ಕರಾರಿನ ಮೇಲೆ.
ಬ್ಯಾಡಗಿಯ ಹಗ್ಗವೆಂದರೆ ಕೇಳಬೇಕೆ,
ಸುರುಳಿ ಬಿಚ್ಚಿದ್ದೇ ತಡ, ಒಂಬತ್ತನೆಯ ‘ಬ’ ವಿಭಾಗ
ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ
ಸರದಿಯ ಮೇಲೆ ಸೀನಿತು.
ನಾನೂ ಸೀನಿದೆ. ಹಾಜರಿ ಆದಂತೆಯೇ ಅಂದುಕೊಂಡೆ.

ಎರಡು ಹಗ್ಗ, ನಡುವೆ ಸ್ಪ್ರಿಂಗಿನ ತ್ರಾಸು.
ಅದೂ ಅಡತಿ ಅಂಗಡಿಯದೇ,
ಶಾಲೆಯದು ಎರಡು ಬದನೆಕಾಯಿ ತೂಗಿದರೆ ಸುಸ್ತು.
ಆ ತುದಿಗೆ ಜೈತುನಬಿ, ಈ ತುದಿಗೆ ಸಾವಂತ್ರೆವ್ವ.
“ಜಗ್ರಿ. ಆದ್ರ ಅಲುಗಬ್ಯಾಡ್ರಿ.”
ಇಬ್ಬರ ಕತ್ತಿನ ನರ ಉಬ್ಬಿತು.
ಹಗ್ಗ ನಿಂತಲ್ಲೇ ನಿಂತಿತು.
ಮುಳ್ಳಿನ ಮೇಲೆ ನನ್ನ ಅಂಗೈ ಮುಚ್ಚಿತ್ತು.
“ಆಕಿ ಇಪ್ಪತ್ತು ಕಿಲೋದಷ್ಟು ಜಗ್ಗಾಕತ್ತಾಳ, ಈಕೀನೂ ಇಪ್ಪತ್ತು.
ತ್ರಾಸು ಎಷ್ಟು ತೋರಸತೈತಿ?”

ನಲವತ್ತು, ಎಂದಿತು ಕಿಟಕಿಯ ಕಡೆಯ ಸಾಲು.
ಸೊನ್ನೆ, ಎಂದಿತು ಗೋಡೆಯ ಕಡೆಯದು,
“ಅದಕ್ಕ ಇದು ವಜಾ, ಅಲುಗೇ ಇಲ್ಲಲ್ರೀ!”
ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೇನೆ ಈ ಸೊನ್ನೆ.
ಅಲುಗದಿದ್ದಲ್ಲಿ ಏನೂ ನಡೆಯುತ್ತಿಲ್ಲವೆಂದು
ನಾನೂ ನಂಬಿದ್ದೆ, ಬಿ.ಎಡ್. ಮುಗಿಯುವ ತನಕ.
ಯಾರಿಗೂ ಹೇಳಿಲ್ಲ.

ಫಕ್ಕೀರವ್ವ ಕೈ ಎತ್ತಲಿಲ್ಲ. ಕುಂತಲ್ಲಿಂದಲೇ,
“ಇಪ್ಪತ್ತರೀ.”
ಯಾಕೆ?
“ನಮ್ಮಪ್ಪ ಲಾರಿ ಮ್ಯಾಲಿನ ಚೀಲಕ್ಕ ಹಗ್ಗ ಬಿಗೀತಾನಲ್ರೀ,
ಒಂದ ತುದಿ ಕೊಂಡಿಗೆ, ಇನ್ನೊಂದ ತುದಿ ಅಪ್ಪ.
ಕೊಂಡಿ ಸುಮ್ನ ಐತಿ ಅಂತ ಕಾಣತೈತಿ.
ಅಪ್ಪ ಎಷ್ಟು ಜಗ್ಗತಾನ, ಅದೂ ಅಷ್ಟ ಜಗ್ಗತೈತಿ.
ಇಲ್ಲಂದ್ರ ಅಂವ ಅಂಗಾತ ಬೀಳತಿದ್ದ.”
ತುಸು ತಡೆದು,
“ಹ್ವಾದ ವರ್ಷ ಕೊಂಡಿ ಕಿತ್ತು ಬಂತ್ರೀ. ಬಿದ್ದ.
ಈಗ ಮೊದಲ ಕೊಂಡಿ ನೋಡತಾನ.”

ತರಗತಿಯಲ್ಲಿ ಯಾರೂ ಸೀನಲಿಲ್ಲ.

ಸಾವಂತ್ರೆವ್ವನ ತುದಿಯನ್ನು ಬಿಡಿಸಿ
ಕಿಟಕಿಯ ಸರಳಿಗೆ ಕಟ್ಟಿದೆ.
ಜೈತುನಬಿ ಮೊದಲಿನಷ್ಟೇ ಜಗ್ಗಿದಳು.
ಕೈ ತೆಗೆದೆ.
ಮುಳ್ಳು ಇಪ್ಪತ್ತರ ಮೇಲೆ, ಸಣ್ಣಗೆ ನಡುಗುತ್ತ.
ಬಣ್ಣ ಕಂಡು ಎಷ್ಟೋ ವರ್ಷವಾದ ಆ ಸರಳು
ಒಬ್ಬ ಹುಡುಗಿಯ ಸಮಕ್ಕೆ ಜಗ್ಗುತ್ತಿತ್ತು.

ಸೊನ್ನೆಯೂ ಸುಳ್ಳಲ್ಲ, ಎಂದು ಹಲಗೆಯ ಮೇಲೆ ಬರೆದೆ.
ಅದು ತ್ರಾಸು ಅತ್ತ ಇತ್ತ ಹೋಗದ್ದರ ಲೆಕ್ಕ.
ಹಗ್ಗದ ಲೆಕ್ಕ ಬೇರೆ.
ಹಗ್ಗಕ್ಕೆ ಇಪ್ಪತ್ತೂ ಉಂಟು, ಆ ತುದಿಯಿಂದ ಈ ತುದಿಗೆ,
ಕಾಣುವ ಗಂಟಿನಲ್ಲೂ, ಕಾಣದ ಹುರಿಯಲ್ಲೂ.
“ಇದಕ್ಕ ಟೆನ್ಶನ್ ಅಂತಾರ.”
“ಮನ್ಯಾಗ ಇರತೈತಲ್ರೀ, ಅದ?” ಹಿಂದಿನಿಂದ ಯಾರೋ.
ಅದಲ್ಲ, ಎಂದೆ. ಬಿಗಿತ, ಎಂದೆ.
ಎಂದ ಮೇಲೆ ಅಷ್ಟೇನೂ ಖಾತ್ರಿಯಿರಲಿಲ್ಲ.
ನಮ್ಮ ಕಡೆ ತೂಗುವುದೂ ತ್ರಾಸು,
ತೂಗಲಾಗದ್ದೂ ತ್ರಾಸೇ.

ಕಿರುಪರೀಕ್ಷೆಗೆ ಕೊಟ್ಟಿದ್ದೆ:
ಹಗ್ಗಜಗ್ಗಾಟದ ಚಿತ್ರ ಬರೆದು
ಹಗ್ಗದ ಮೇಲಿನ ಬಲಗಳನ್ನು ಬಾಣದಿಂದ ಗುರುತಿಸಿ. ಎರಡು ಅಂಕ.
ಫಕ್ಕೀರವ್ವ ಎರಡು ತಂಡ ಬರೆದಿರಲಿಲ್ಲ.
ಒಬ್ಬನೇ ಮನುಷ್ಯ, ಒಂದು ಲಾರಿ, ಒಂದು ಕೊಂಡಿ.
ಎರಡು ಬಾಣ, ಪಟ್ಟಿಯಿಟ್ಟು ಅಳೆದು, ಸರಿಸಮ.
ಮತ್ತೆ, ಯಾರೂ ಕೇಳದೆ,
ಬರಿಗಾಲಿನ ಹಿಮ್ಮಡಿಯ ಕೆಳಗೆ ಇನ್ನೊಂದು.
ನೆಲ ಅವನನ್ನು ಲಾರಿಯ ಕಡೆ ಬಿಟ್ಟುಕೊಡದೆ
ಹಿಡಿದಿಟ್ಟ ಬಾಣ.

ಮಾದರಿ ಉತ್ತರದಲ್ಲಿ ಅದಕ್ಕೆ ಅಂಕವಿಲ್ಲ.
ಕೆಂಪು ಪೆನ್ನು ಹಿಡಿದು ಕುಳಿತೆ.
ಹೊರಗೆ ಲಾರಿಯೊಂದು ಗೇರು ಬದಲಿಸಿ
ಮೋಟೆಬೆನ್ನೂರಿನ ಕಡೆ ಹೊರಳಿತು,
ಮೈತುಂಬ ಚೀಲ, ಒಂದೂ ಮಿಸುಕುತ್ತಿರಲಿಲ್ಲ.
ಘಾಟು ಕಿಟಕಿಯೊಳಗೆ ಬಂತು.
ಸೀನಿದೆ. ಬಾಣದ ಮಗ್ಗುಲಿಗೆ
ಕೆಂಪು ಗೀಟೊಂದು ತಾನಾಗಿಯೇ ಬಿತ್ತು,
ಹೆಚ್ಚುಕಡಿಮೆ ಸರಿ ಗುರುತಿನ ಹಾಗೆ.

ಹಾಗೇ ಬಿಟ್ಟೆ.